ಒಂದು ಸುತ್ತು ಹೆಚ್ಚು

"ಆ ರೇಸು ಗೆದ್ದದ್ದು ನೀವು, ಸತ್ಯಮೂರ್ತಿಯವರೇ. ನಾವಲ್ಲ."

ಭವಾನಿಪುರಂನ ಆ ಮನೆಯಲ್ಲಿ ಕೂತು ಐದು ನಿಮಿಷವೂ ಆಗಿರಲಿಲ್ಲ, ಕಮಲಾ ಹೇಳಬೇಕಾದ್ದನ್ನು ಹೇಳಿಬಿಟ್ಟರು. ಈ ಒಂದು ಮಾತಿಗಾಗಿ ಎಪ್ಪತ್ತರ ವಯಸ್ಸಿನಲ್ಲಿ ಒಬ್ಬರೇ ಬೆಳಗಿನ ರೈಲು ಹತ್ತಿ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಬಂದಿದ್ದರು. ಎದುರು ಕೂತಿದ್ದ ಸತ್ಯಮೂರ್ತಿಗೆ ಎಪ್ಪತ್ತಾರು. ಕಾಫಿ ಲೋಟ ಕೆಳಗಿಟ್ಟು, "ಯಾವ ರೇಸು?" ಎಂದರು. ಯಾವುದೆಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ಮದರಾಸಿನ ಹೊರಗೆ ಬಳಕೆ ತಪ್ಪಿದ್ದ ಒಂದು ರನ್‌ವೇ ಮೇಲೆ ನಡೆದ ಆರು ಗಂಟೆಗಳ ರೇಸು. ಆ ಹೊತ್ತಿಗಾಗಲೇ ಮುದಿಯಾಗಿದ್ದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳು. ಒಂದೊಂದು ಕಾರಿಗೂ ಇಬ್ಬರು ಚಾಲಕರು, ಗಂಟೆಗೊಮ್ಮೆ ಬದಲಿ. ಕಮಲಾ ಅವರ ಗಂಡ ಸುಬ್ರಹ್ಮಣ್ಯ ಗೆಳೆಯನೊಬ್ಬನ ಜೊತೆ ಓಡಿಸಿದ್ದು ಕೆಂಪು ಕಾರು. ಸತ್ಯಮೂರ್ತಿ ಮತ್ತು ಅವರ ತಮ್ಮ ನಟರಾಜನದು ಹಸಿರು. ಎಲ್ಲರೂ ಬೆಂಗಳೂರಿನವರೇ. ಕೆಂಪು ಕಾರು ಒಂದು ಸುತ್ತಿನಿಂದ ಗೆದ್ದಿತೆಂದು ಸಾರಿದ್ದರು.

"ಸುತ್ತು ಎಣಿಸೋಕೆ ಜನ ಸಾಲದೆ ಚಾಲಕರ ಹೆಂಡತಿಯರನ್ನೇ ಕೂರಿಸಿದ್ರಲ್ಲ," ಎಂದರು ಕಮಲಾ. "ಕೆಂಪು ಕಾರಿನ ಹಾಳೆ ನನ್ನ ಕೈಲಿತ್ತು. ಒಂದು ಸುತ್ತು ಜಾಸ್ತಿ ಬರೆದುಬಿಟ್ಟೆ."

"ಬೇಕು ಅಂತಾನಾ?"

"ದೇವರಾಣೆಗೂ ಇಲ್ಲ. ನಾಲ್ಕನೇ ಗಂಟೇಲಿ ಯಾರದೋ ಕಾರು ಮಗುಚಿ ಬೆಂಕಿ ಹತ್ತಿಕೊಳ್ತಲ್ಲ? ನಟರಾಜ ನಿಮ್ಮ ಕಾರು ನಿಲ್ಲಿಸಿ, ಉರಿಯೋ ಕಾರಲ್ಲಿದ್ದ ಹುಡುಗನ್ನ ಎಳೆಯೋಕೆ ಓಡಿದ್ರು. ನಾನೂ ಎದ್ದು ನಿಂತು ಅದನ್ನೇ ನೋಡ್ತಿದ್ದೆ. ಮತ್ತೆ ಕೂತಾಗ ಒಂದು ಸುತ್ತು ಬಿಟ್ಟುಹೋಗಿರಬೇಕು ಅನ್ನಿಸ್ತು, ಗೀಟು ಎಳೆದೆ. ಸಂಜೆ ಸ್ಟಾಪ್‌ವಾಚಿನ ಲೆಕ್ಕ ಕೂಡಿಸಿ ನೋಡ್ತೀನಿ, ಬಿಟ್ಟೇ ಹೋಗಿರಲಿಲ್ಲ. ಎರಡು ಕಾರಿಗೂ ಸುತ್ತು ಸಮ. ಗೆರೆ ಮೊದಲು ದಾಟಿದ್ದು ನಿಮ್ಮದು."

"ಅವತ್ತು ಸಂಜೇನೇ ಗೊತ್ತಾಯ್ತು ನಿಮಗೆ?"

"ಗೊತ್ತಾಯ್ತು. ಅಷ್ಟರಲ್ಲಿ ನಮ್ಮವರು ಕಪ್ ಎತ್ತಿ ಹಿಡ್ಕೊಂಡು ನಿಂತಿದ್ರು. ಮದುವೆಯಾಗಿ ನಾಲ್ಕು ತಿಂಗಳು. ಹೇಳೋಕೆ ಬಾಯಿ ಬರಲಿಲ್ಲ."

ಸುಬ್ರಹ್ಮಣ್ಯ ಹೋದ ವರ್ಷ ತೀರಿಕೊಂಡಿದ್ದರು. ವಿಶಾಖಪಟ್ಟಣದಲ್ಲಿ ಹಳೇ ಕಾರುಗಳ ಪ್ರದರ್ಶನ ಮಾಡುವವರು ಅವರ ಫೋಟೋಗಳನ್ನು ಕೇಳಿ, ಒಂದೊಂದರ ಕೆಳಗೂ ಒಂದು ಸಾಲು ಬರೆದುಕೊಡಿ ಎಂದಿದ್ದರು. ಉಳಿದವಕ್ಕೆಲ್ಲ ಬರೆದಾಯಿತು. ಆ ರೇಸಿನ ಫೋಟೋ ಕೆಳಗೆ ‘ಪ್ರಥಮ ಸ್ಥಾನ’ ಎಂದು ಬರೆಯಲು ಕಮಲಾ ಮೂರು ದಿನ ಪೆನ್ನು ಹಿಡಿದು ಕೂತಿದ್ದರು. ಆಗಲಿಲ್ಲ. ಈಗ ಆ ಫೋಟೋವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ಬೈಗುಳ ಕೇಳಲು ಸಿದ್ಧರಾಗಿ ಕೂತರು.

ಸತ್ಯಮೂರ್ತಿ ಬೈಯಲಿಲ್ಲ. "ನಟರಾಜನ ಜೊತೆ ನಾನು ಅವತ್ತೇ ಮಾತು ಬಿಟ್ಟೆ," ಎಂದರು. "ಇವನು ನಿಲ್ಲಿಸಿದ್ದಕ್ಕೇ ಆ ಒಂದು ಸುತ್ತು ಹೋಯ್ತು, ಇಲ್ಲದಿದ್ರೆ ಗೆಲ್ತಿದ್ವಿ ಅಂತ ಎಲ್ಲರೆದುರೂ ಅಂದೆ. ಬೇರೆಯವರ ಪ್ರಾಣ ಉಳಿಸೋಕೆ ನೀನೇ ಆಗಬೇಕಿತ್ತಾ ಅಂತಾನೂ ಅಂದೆ. ಬೆಂಗಳೂರಿನ ನಮ್ಮ ಗ್ಯಾರೇಜು ಅವನಿಗೇ ಬಿಟ್ಟು ಈ ಕಡೆ ಬಂದೆ. ಇಲ್ಲೇ ಹತ್ತಿರ ಕೊಂಡಪಲ್ಲಿಯಲ್ಲಿ ವರ್ಕ್‌ಶಾಪ್ ಹಾಕ್ದೆ. ಅಮ್ಮ ಹೋದಾಗಲೂ ಅವನು ಒಂದು ಮೂಲೆ, ನಾನು ಒಂದು ಮೂಲೆ."

ಕಮಲಾ ಅವರಿಗೆ ಇದು ಗೊತ್ತಿರಲಿಲ್ಲ. ಒಂದು ಕಪ್ಪಿನ ವಿಷಯವೆಂದೇ ಇಷ್ಟು ವರ್ಷ ತಿಳಿದಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸತ್ಯಮೂರ್ತಿ ಕನ್ನಡಕ ಹಾಕಿಕೊಂಡು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಂದೆ ಕೆಂಪು ಕಾರು. ಅದರ ಹಿಂದೆ, ಸ್ವಲ್ಪ ಮಸುಕಾಗಿ, ಇಪ್ಪತ್ತೈದರ ನಟರಾಜ ಒಂದು ಟೈರಿನ ಮೇಲೆ ಕೂತಿದ್ದ. ಬಲಗೈಗೆ ಟವೆಲು ಸುತ್ತಿತ್ತು.

"ಇವನ ಕೈಗೇನಾಗಿದೆ?"

"ಸುಟ್ಟಿತ್ತಲ್ಲ! ಆ ಹುಡುಗನ್ನ ಎಳೆಯುವಾಗ. ಅಂಗೈ ಚರ್ಮವೇ ಎದ್ದುಬಂದಿತ್ತು. ಆ ಕೈಯಲ್ಲೇ ಇನ್ನೂ ಅರ್ಧ ಗಂಟೆ ಓಡಿಸಿ ನಿಮಗೆ ಕಾರು ಕೊಟ್ರು. ಐಸ್ ತಂದುಕೊಟ್ಟಿದ್ದು ನಾನೇ. ನಿಮಗೆ ಹೇಳಲಿಲ್ವಾ?"

"ನಾನು ಹಾರಿ ಕೂತು ಹೊರಟುಬಿಟ್ಟೆ. ಅವನ ಕಡೆ ನೋಡಲಿಲ್ಲ." ಸತ್ಯಮೂರ್ತಿ ಫೋಟೋವನ್ನು ಇನ್ನಷ್ಟು ಹತ್ತಿರ ಹಿಡಿದರು. "ರೇಸು ಮುಗಿದ ಮೇಲೆ ನಾನು ಬೈಯುವಾಗ ಕೈ ಹಿಂದಿಟ್ಕೊಂಡು ನಿಂತಿದ್ದ. ಒಂದು ಮಾತೂ ಆಡಲಿಲ್ಲ. ಕೊಬ್ಬು ಅಂದ್ಕೊಂಡೆ ನಾನು."

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಗಳು ಉಷಶ್ರೀ ಹತ್ತಿರ ಬಂದಳು. "ನಾನ್ನಾ, ಚಿಕ್ಕಪ್ಪನ ನಂಬರ್ ನನ್ನ ಹತ್ರ ಇದೆ," ಎಂದಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಅವಳು ಅಪ್ಪನನ್ನು ತೆಲುಗಿನಲ್ಲೇ ಕರೆಯುತ್ತಿದ್ದಳು. "ನಿಮಗೆ ಹೇಳಿರಲಿಲ್ಲ. ಪ್ರತಿ ಯುಗಾದಿಗೂ ಮಾತಾಡ್ತೀನಿ. ಫೋನ್ ಮಾಡ್ಲಾ?"

ಸತ್ಯಮೂರ್ತಿ ಫೋಟೋ ಕೆಳಗಿಟ್ಟು ಕೈ ಚಾಚಿದರು. ಅವಳು ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅವರ ಕೈಗಿಟ್ಟಳು.

"ಗೆದ್ದದ್ದು ನೀವಿಬ್ಬರು ಅಂತ ಹೇಳಿ," ಎಂದು ಕಮಲಾ ಪಿಸುಗುಟ್ಟಿದರು. "ನನ್ನಿಂದ ತಪ್ಪಾಯ್ತು ಅಂತ ಹೇಳಿ."

"ಏನಮ್ಮಾ ಉಷಾ, ಹಬ್ಬ ಇನ್ನೂ ದೂರ ಇದೆಯಲ್ಲ?" ಬೆಂಗಳೂರಿನಿಂದ ಮುದಿ ದನಿಯೊಂದು ನಕ್ಕಿತು.

"ಉಷಾ ಅಲ್ಲ. ನಾನು."

ಆ ಕಡೆ ನಗು ನಿಂತಿತು. "ಅಣ್ಣಾ?" ಎಂದಿತು ಆ ದನಿ.

ಸತ್ಯಮೂರ್ತಿ ರೇಸಿನ ಮಾತನ್ನೇ ಎತ್ತಲಿಲ್ಲ.

"ನಟೂ, ಕೈ ವಾಸಿ ಆಯ್ತೇನೋ?"