ಕಂದು ಬಣ್ಣದಾಚೆ

“ಅರೆ, ನೇರಳೆ ಎಲ್ಲಿ ಹೋಯ್ತು?”

ಕೇಳಿದ್ದು ಯಾರನ್ನೂ ಅಲ್ಲ. ಪ್ರಯೋಗಾಲಯದ ಕೊನೆಯಲ್ಲಿ, ಬೆಂಚುಗಳ ಹಿಂದಿನ ತೊಟ್ಟಿಯಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಸೀಸೆಯಕ್ಕನ ಬಾಯಿಂದ ಮಾತು ತಾನಾಗಿ ಜಾರಿತ್ತು. ಮಕ್ಕಳು ಕಿಸಕ್ಕನೆ ನಕ್ಕರು. ತೊಳೆಯುವ ಕೋಣೆಯ ನಲ್ಲಿ ಕೆಟ್ಟಿದ್ದರಿಂದ ಅವಳನ್ನು ಇವತ್ತೊಂದು ದಿನ ಪಾಠದ ಹೊತ್ತಿನಲ್ಲಿ ಒಳಗೆ ಬಿಟ್ಟಿದ್ದರು, ತುಟಿ ಬಿಚ್ಚಬಾರದೆಂಬ ಕರಾರಿನ ಮೇಲೆ.

“ಅಕ್ಕ ಕೇಳಿದ್ದು ಸರಿಯಾಗೇ ಇದೆ,” ಎಂದರು ಮೇಡಂ. “ಸಕ್ಕರೆ ಎಲೆಕ್ಟ್ರಾನ್ ಕೊಡ್ತಾ ಹೋಗುತ್ತೆ, ನೇರಳೆ ನೀರಲ್ಲಿರೋ ಮ್ಯಾಂಗನೀಸ್ ಇಸ್ಕೊಳ್ತಾ ಹೋಗುತ್ತೆ. ಇಸ್ಕೊಂಡಷ್ಟೂ ಬಣ್ಣ ಬದಲು. ನೋಡ್ತಾ ಇರಿ.”

ಅವಳು ನೋಡಿದಳು. ಮೇಡಂ ಕೈಯ ಫ್ಲಾಸ್ಕಿನಲ್ಲಿ ನೇರಳೆ ಹೋಗಿ ನೀಲಿ ನಿಂತಿತ್ತು. ಆ ನೀಲಿಯೂ, ಯಾರೋ ಒಳಗಿನಿಂದ ದೀಪ ಹಿಡಿದಂತೆ, ಪಚ್ಚೆಹಸಿರಾಯಿತು. ಕಾಯಿಸಿದವರಿಲ್ಲ, ಕಲಕಿದವರಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಒಳಗೆ ಬರುತ್ತಿದ್ದದ್ದು ಪಾಠ ಮುಗಿದ ಗಂಟೆ ಹೊಡೆದ ಮೇಲೆಯೇ; ಅವಳ ಪಾಲಿಗೆ ಉಳಿದದ್ದೆಲ್ಲ ತಳದ ಕಂದು ಗಸಿ. ಆ ಗಸಿ ಹುಟ್ಟುವ ಮೊದಲು ಇಷ್ಟೆಲ್ಲ ಬೆಳಕಾಗಿತ್ತೇ? ಕೈ ಮುಗಿಯಬೇಕೆನಿಸಿತು. ಕೈತುಂಬ ಸೋಪಿನ ನೊರೆ.

ಹಸಿರು ಹಳದಿಗೆ ತಿರುಗಿತು, ಕಡೆಗೆ ಕಂದಾಗಿ ನಿಂತಿತು.

“ಇಲ್ಲಿಗೆ ಮುಗೀತು.”

“ಮುಗಿದಿಲ್ಲ ಮೇಡಂ.”

ಈ ಸಲ ಯಾರೂ ನಗಲಿಲ್ಲ. ಸೀಸೆಯಕ್ಕ ತೊಟ್ಟಿಯ ಬದಿಯಲ್ಲಿ ಬಚ್ಚಿಟ್ಟಿದ್ದ ನಿಂಬೆಹಣ್ಣಿನತ್ತ ಕೈಚಾಚಿದಳು. ತೊಳೆಯಲೆಂದು ಕೊಟ್ಟ ಆಸಿಡ್ಡನ್ನು ಅವಳು ಎಂದೂ ಮುಟ್ಟಿರಲಿಲ್ಲ, ಕೈ ಸುಡುತ್ತದೆಂದು. ಕ್ಯಾಂಟೀನಿನಿಂದ ಗುಟ್ಟಾಗಿ ತರುವ ನಿಂಬೆಹಣ್ಣೇ ಅವಳ ಆಸಿಡ್ಡು. ತಿನ್ನುವ ಪದಾರ್ಥ ಒಳಗೆ ತರುವಂತಿಲ್ಲವೆಂದು ಬಾಗಿಲ ಮೇಲೇ ಬರೆದಿತ್ತು. ಹಿಂದೆ ಈ ಕೆಲಸದಲ್ಲಿದ್ದವನನ್ನು ಅದಕ್ಕೇ ಬಿಡಿಸಿದ್ದರು.

ಆದರೂ ಬೆಳಗಿನ ತರಗತಿಯ ಫ್ಲಾಸ್ಕೊಂದರ ಗಸಿ ಚೆಲ್ಲಿ, ಗಾಜಿಗೆ ಕಚ್ಚಿಕೊಂಡಿದ್ದ ಕಂದು ಕಲೆಯ ಮೇಲೆ ಅರ್ಧ ನಿಂಬೆ ಹಿಂಡಿ, ಎತ್ತಿ ಹಿಡಿದು ಕುಲುಕಿದಳು. ಕಲೆ ತೆಳುವಾಯಿತು, ಹರಿಯಿತು, ಇಲ್ಲವಾಯಿತು. ಕಿಟಕಿಯ ಬಿಸಿಲು ಗಾಜನ್ನು ಹಾದು ಅವಳ ಮುಖದ ಮೇಲೆ ಬಿತ್ತು. ನಲವತ್ತು ಮಕ್ಕಳು ಹಿಂದಕ್ಕೆ ತಿರುಗಿ ಕತ್ತು ಚಾಚಿದರು.

ಮೇಡಂ ನಿಂಬೆಯನ್ನು ನೋಡಿದರು, ಬಾಗಿಲ ಮೇಲಿನ ಬರಹವನ್ನೂ ನೋಡಿದರು.

“ತಿನ್ನೋಕೆ ತರಬಾರದು ಅಂತ ತಾನೇ ಬರೆದಿರೋದು, ತೊಳೆಯೋಕೆ ಅಲ್ಲವಲ್ಲ,” ಎಂದರು ಮೆಲ್ಲಗೆ. ಮಕ್ಕಳ ಕಡೆ ತಿರುಗಿದರು. “ಮ್ಯಾಂಗನೀಸ್ ನಿಂಬೆಯಿಂದ ಇನ್ನಷ್ಟು ಎಲೆಕ್ಟ್ರಾನ್ ಇಸ್ಕೊಂಡಿದೆ ಕಣ್ರೋ, ಅದಕ್ಕೇ ಬಣ್ಣವೇ ಹೋಯ್ತು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿದ್ದು ಇವತ್ತೇ.” ಆಮೇಲೆ ತಮ್ಮ ಫ್ಲಾಸ್ಕನ್ನು ಮುಂದಕ್ಕೆ ಚಾಚಿದರು. “ಅಕ್ಕಾ, ಇದನ್ನೂ ಒಂದು ಸಲ ಮಾಡಿ ತೋರಿಸಿ.”

ಸೀಸೆಯಕ್ಕ ಉಳಿದರ್ಧ ನಿಂಬೆಯನ್ನು ಮೇಡಂ ಅಂಗೈಗಿಟ್ಟಳು. ಒದ್ದೆ ಕೈ ಒರೆಸಿಕೊಂಡು, ಮೊದಲ ಬೆಂಚಿನ ಹುಡುಗಿಯರನ್ನು ಒತ್ತರಿಸಿ ನಡುವೆ ಕೂತಳು.

“ಊಹ್ಞೂ, ನಾನು ಕೈ ಹಾಕಲ್ಲ ಮೇಡಂ. ನೋಡೋ ಪಾಳಿ ಇವತ್ತು ನಂದು.”