ತಮ್ಮನ ಅಳತೆ

"ರೀ, ಅಲ್ಲಾಡಬೇಡಿ," ಎನ್ನುತ್ತ ಅವಳು ಅರ್ಧ ಹೆಣೆದ ಸ್ವೆಟರನ್ನು ಗಂಡನ ಎದೆಗೆ ಒತ್ತಿ ಹಿಡಿದಳು. ತವರುದೇಶದ ಗಡಿಯಲ್ಲಿ ಸಿಪಾಯಿಯಾಗಿರುವ ಅವಳ ತಮ್ಮನದೂ ಇದೇ ಮೈಕಟ್ಟು.

ನಾಳೆ ಅವಳ ಪೌರತ್ವದ ಸಂದರ್ಶನ. ಅಭ್ಯಾಸ ಮಾಡಿಸುತ್ತಿದ್ದ ಗಂಡ ಅಧಿಕಾರಿಯ ಗತ್ತಿನಲ್ಲಿ ಕೆಮ್ಮಿದ. "ನೀವು ಬಿಟ್ಟುಬಂದ ದೇಶಕ್ಕೂ ನಮಗೂ ಯುದ್ಧವಾದ್ರೆ, ನಮ್ಮ ಕಡೆಯಿಂದ ಬಂದೂಕು ಹಿಡೀತೀರಾ?"

"ಹಿಡೀತೀನಿ ಸರ್."

"ನೆಲ ನೋಡ್ಕೊಂಡು ಹೇಳಿದ್ರೆ ಯಾರು ನಂಬ್ತಾರೆ? ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೂ ಮನೇಲಿ ನೀನೊಬ್ಳೇ ಬಾಕಿ. ಒಂದು ಮಾತಿಗೆ ಕೆಡಿಸ್ಕೋಬೇಡ. ಮುಖ ಎತ್ತಿ ಹೇಳು."

ಅವಳು ಸ್ವೆಟರಿನ ಮೇಲಿಟ್ಟ ಕೈ ತೆಗೆಯದೆ ಮುಖ ಎತ್ತಿದಳು.

"ಹಿಡೀತೀನಿ ಸರ್."

"ಶಭಾಷ್! ನಾಳೆನೂ ಹೀಗೇ ಹೇಳ್ಬೇಕು," ಎಂದ ಗಂಡ.

ಅವಳ ಅಂಗೈಯ ಕೆಳಗೆ, ತಮ್ಮನ ಸ್ವೆಟರಿನೊಳಗೆ, ಎದೆ ಬಡಿದುಕೊಳ್ಳುತ್ತಿತ್ತು.