ಆರು ಪಾಯಿಂಟಿನ ಚಾರ್ಜರ್

“ಲ್ಯಾಪ್‌ಟಾಪ್ ಒಂದು, ಫೋನು ಮೂರು, ಮಗಳ ಟ್ಯಾಬು ಒಂದು, ಆಮೇಲೆ ಇದು.” ಮೇಷ್ಟ್ರ ಹೆಂಡತಿ ಕೈಚೀಲದಿಂದ ಟಾರ್ಚಿನಂಥ ಸಣ್ಣ ಯಂತ್ರವೊಂದನ್ನು ತೆಗೆದು ಅಂಗಡಿಯ ಗಾಜಿನ ಕೌಂಟರಿನ ಮೇಲಿಟ್ಟಳು. “ಆರನ್ನೂ ಒಟ್ಟಿಗೆ ಹಾಕೋ ಹಾಗಿರ್ಬೇಕು. ಯಾರೂ ಯಾರದ್ದನ್ನೂ ಕೀಳಬಾರ್ದು.”

ಅಂಗಡಿಯವನು ಅದನ್ನು ತಿರುಗಿಸಿ ನೋಡಿದ. “ಇದೇನು ಮೇಡಂ, ಶೇವಿಂಗ್ ಮಷೀನಾ?”

“ನಮ್ಮ ಯಜಮಾನ್ರ ಮಾತು.”

ಪಕ್ಕದಲ್ಲಿ ಕೊರಳಿಗೆ ಕರವಸ್ತ್ರ ಸುತ್ತಿ ನಿಂತಿದ್ದ ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ಗಂಟಲಿನ ಆಪರೇಷನ್ ಆಗಿ ಎಂಟು ತಿಂಗಳು. ಯಂತ್ರವನ್ನು ಗದ್ದದ ಕೆಳಗೆ ಒತ್ತಿ ತುಟಿಯಾಡಿಸಿದರೆ ಮಾತು ಹೊರಡುತ್ತದೆ, ಡಬ್ಬಿಯೊಳಗೆ ಸಿಕ್ಕಿಕೊಂಡ ಜೇನುಹುಳ ಗಣಿತ ಹೇಳಿಕೊಟ್ಟಂತೆ. ಇವತ್ತು ಮೂರು ಗಂಟೆಗೆ ಎದುರಿನ ಶಾಲೆಯಲ್ಲಿ ಅವರು ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಮಕ್ಕಳಿಗೆ ಅರ್ಥವಾದರೆ ಕೆಲಸ ವಾಪಸ್ಸು, ಇಲ್ಲದಿದ್ದರೆ ನಮಸ್ಕಾರ, ಮನೆಗೆ ಹೋಗಿ. ಶಾಲೆಯಲ್ಲೇ ಪ್ಲಗ್ ಕೇಳಬಹುದಿತ್ತು. ಆದರೆ ‘ಸ್ವಲ್ಪ ತಡೀರಿ, ನಮ್ಮವರ ಮಾತು ಚಾರ್ಜಿಗಿದೆ’ ಎಂದು ಮುಖ್ಯೋಪಾಧ್ಯಾಯರಿಗೆ ಯಾವ ಮುಖ ಹೊತ್ತು ಹೇಳುವುದು? ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು.

ಮೇಷ್ಟ್ರ ಮನೆಗೆಲ್ಲ ಇದ್ದದ್ದು ಒಂದೇ ಚಾರ್ಜರ್, ಒಂದೇ ಕಾನೂನು: ಯಾರದು ಕಡಿಮೆ ಇದೆಯೋ ಅವರದು ಮೊದಲು. ಶೇಕಡಾ ಹದಿನೆಂಟು ಇದ್ದದ್ದನ್ನು ಕಿತ್ತು ಹನ್ನೊಂದು ಇದ್ದದ್ದನ್ನು ಹಾಕುವುದು. ಪಾಪ, ಈ ಯಂತ್ರಕ್ಕೆ ಅಂಕಿಯೇ ಇಲ್ಲ, ಒಂದು ಚುಕ್ಕಿ ದೀಪ ಅಷ್ಟೇ. ಹಾಗಾಗಿ ಪ್ರತಿ ಸಲ ಸೋಲುವುದು ಅದೇ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನಂತೆ. ಬಾಯನ್ನೇ ಚಾರ್ಜಿಗೆ ಹಾಕಬೇಕಾದವನು ಯಾರಿಗೆ ಹೇಳಿಕೊಳ್ಳಬೇಕು?

ಇವತ್ತು ಹನ್ನೆರಡರ ಹೊತ್ತಿಗೆ ಕನ್ನಡಿಯ ಮುಂದೆ ಪಾಠ ಅಭ್ಯಾಸ ಮಾಡುತ್ತಿದ್ದಾಗ ಯಂತ್ರ ಗೊರ್ರೆಂದು ನಿಂತುಹೋಯಿತು. ಹೋಗಿ ನೋಡಿದರೆ ವೈರಿನ ತುದಿಯಲ್ಲಿ ಮಗಳ ಫೋನು. ‘ನಿನ್ನ ಫೋನು ನನ್ನ ಮಾತಿಗಿಂತ ಹೆಚ್ಚಾಯಿತೆ?’ ಎಂದು ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಬರೆದು ಅವಳ ಪುಸ್ತಕದ ಮೇಲೆ ಬಡಿದರು. “ನಾನು ಹಾಕೋವಾಗ್ಲೇ ನಿಮ್ಮದು ಕಿತ್ತಿತ್ತು ಅಪ್ಪಾ” ಎಂದು ಹುಡುಗಿ ಅತ್ತಳು. ಅವಳ ಮಾತನ್ನು ಯಾರು ನಂಬುತ್ತಾರೆ? ಬಸ್ಸಿಗೆ ಬೇರೆ ಹೊತ್ತಾಗಿತ್ತು. ಕಿತ್ತವಳು ಅಮ್ಮ. ಬೆಳಿಗ್ಗೆ ಹತ್ತು ಗಂಟೆಗೆ, ತನ್ನ ಫೋನು ಶೇಕಡಾ ಒಂಬತ್ತಕ್ಕೆ ಇಳಿದಿದೆಯೆಂದು ಕಿತ್ತಿದ್ದಳು. ಆಗಲೇ ಹೇಳಿಬಿಡಬೇಕಿತ್ತು, ಹೇಳಲಿಲ್ಲ.

“ಇದು ತಗೊಳ್ಳಿ, ನೂರು ವ್ಯಾಟು,” ಅಂಗಡಿಯವನು ಮಿರಿಮಿರಿ ಮಿನುಗುವ ಡಬ್ಬಿ ಬಿಚ್ಚಿದ. “ಆರೂ ಹೊಸಾ ಥರದ ಸಣ್ಣ ಬಾಯಿ ಪಾಯಿಂಟು.”

“ಅಷ್ಟು ಜೋರಾಗಿ ನುಗ್ಗಿದ್ರೆ ಇದು ಸುಟ್ಟುಹೋಗಲ್ವಾ?”

“ಬಾವಿ ದೊಡ್ಡದಾದ್ರೇನು ಮೇಡಂ, ಚೊಂಬಲ್ಲಿ ಹಿಡಿಯೋದು ಚೊಂಬಿನಷ್ಟೇ ಅಲ್ವಾ?”

ಅವನು ಡಬ್ಬಿಯಲ್ಲಿದ್ದ ವೈರು ಸಿಕ್ಕಿಸಿದ. ದೀಪ ಬರಲಿಲ್ಲ. ಎರಡನೆಯ ಪಾಯಿಂಟು, ಮೂರನೆಯದು. ಊಹೂಂ. “ಮಷೀನೇ ಹೋಗಿರ್ಬೇಕು,” ಎಂದುಬಿಟ್ಟ ಆಸಾಮಿ, ಮಳೆ ನಿಂತಿದೆ ಎಂದಷ್ಟು ಸಲೀಸಾಗಿ. ಅವಳ ಜೀವ ಬಾಯಿಗೆ ಬಂತು. ನಾನೇ ಕೊಂದೆ, ಎಂದುಕೊಂಡಳು. ಮೇಷ್ಟ್ರು ಜೇಬಿನಲ್ಲಿದ್ದ ಸೀಮೆಸುಣ್ಣವನ್ನು ಹಿಸುಕುತ್ತಾ ಕೆಳಗಿನ ಶೆಲ್ಫನ್ನೇ ನೋಡುತ್ತಿದ್ದರು. ಆಮೇಲೆ ಬಗ್ಗಿ, ಧೂಳು ಹಿಡಿದ ಒಂದು ಡಬ್ಬಿಗೆ ಬೆರಳು ತೋರಿಸಿದರು. ನಾಲ್ಕು ಹೊಸ ಪಾಯಿಂಟು, ಎರಡು ಹಳೆಯ ಅಗಲ ಬಾಯಿಯವು. ಮನೆಯ ಚಾರ್ಜರಿನಲ್ಲಿ ಇದ್ದದ್ದೂ ಅದೇ ಅಗಲ ಬಾಯಿ.

“ಅಯ್ಯೋ, ಅದು ಹಳೇ ಮಾಡೆಲ್ ಸಾರ್.”

“ಹಾಕ್ರೀ ಮೊದ್ಲು!” ಅವಳು ಹೆಚ್ಚುಕಡಿಮೆ ಕಿರುಚಿದಳು.

ಅಗಲ ಬಾಯಿಗೆ ಅದರದೇ ಹಳೇ ವೈರು ಸಿಕ್ಕಿಸಿದ್ದೇ ತಡ, ಕೆಂಪು ಚುಕ್ಕಿ ಹತ್ತಿಕೊಂಡಿತು. ಕೆಲವು ಸಣ್ಣ ಮಷೀನು ಹಾಗೇನೆ, ಹಳೇದನ್ನೇ ಕೇಳ್ತವೆ, ಎಂದು ಅಂಗಡಿಯವನು ಮೊದಲೇ ಗೊತ್ತಿದ್ದವನಂತೆ ಹೇಳಿದ. ಮೂವರೂ ಆ ಚುಕ್ಕಿಯನ್ನೇ ನೋಡುತ್ತಾ ನಿಂತರು. ಎರಡೂವರೆ ಆಯಿತು. ಎರಡೂ ಮುಕ್ಕಾಲಾಯಿತು. ಪಾಠದಷ್ಟು ಹೊತ್ತು ಬಾಳುತ್ತದೋ ಇಲ್ಲವೋ, ಆ ಚುಕ್ಕಿಯನ್ನು ನೋಡಿ ಹೇಳುವಂತಿರಲಿಲ್ಲ.

ಮೇಷ್ಟ್ರು ಯಂತ್ರ ತೆಗೆದು ಗದ್ದಕ್ಕೆ ಒತ್ತಿದರು. “ಮಗಳಿಗೆ ಫೋನ್ ಮಾಡು. ಬೈಯೋದು ಬಾಕಿ ಇದೆ.”

“ರೀ, ಅದೊಂದು ಮಾತ್ರ ಬೇಡ.” ಅವಳ ಕಣ್ಣು ತುಂಬಿತು. “ಅವಳಲ್ಲ. ನಾನೇ ಕಿತ್ತಿದ್ದು. ಬೆಳಿಗ್ಗೆ. ಮರ್ತೇಬಿಟ್ಟೆ... ಇಲ್ಲ, ಮರೀಲಿಲ್ಲ, ಹೆದರಿ ಸುಮ್ನಿದ್ದೆ.”

ಮೇಷ್ಟ್ರು ಯಂತ್ರ ಕೆಳಗಿಳಿಸಿದರು. ಬೀದಿಯ ಆಚೆ ಶಾಲೆಯ ಗಂಟೆ ಹೊಡೆಯಿತು. ಮತ್ತೆ ಅದನ್ನು ಗದ್ದಕ್ಕೆ ಒತ್ತಿದರು.

“ಫೋನ್ ಮಾಡು.”

“ಚಾರ್ಜು ಮುಗಿದುಹೋಗುತ್ತೆ ಕಣ್ರೀ! ಪಾಠಕ್ಕೆ ಉಳಿಸ್ಕೊಳ್ಳಿ. ನಾನೇ ಹೇಳ್ತೀನಿ ಅವಳಿಗೆ, ಸಂಜೆ ನೀವು ಬರೆದುಕೊಟ್ರಾಯ್ತು.”

“ಬೈದದ್ದೂ ಬರೆದೇ. ತಪ್ಪಾಯ್ತು ಅನ್ನೋದನ್ನ ಬಾಯಲ್ಲಿ ಹೇಳ್ಬೇಕು. ಕೊಡು.”

ಅವಳು ಕೈಚೀಲದಿಂದ ಫೋನು ತೆಗೆದು ಮಗಳ ನಂಬರು ಒತ್ತಿದಳು. ಪರದೆಯ ಮೂಲೆಯಲ್ಲಿ ಚಾರ್ಜು ಶೇಕಡಾ ತೊಂಬತ್ತಾರು ಎಂದಿತ್ತು. ಅದರ ಮೇಲೆ ಹೆಬ್ಬೆರಳಿಟ್ಟುಕೊಂಡೇ ಫೋನನ್ನು ಅವರ ಮುಂದೆ ಹಿಡಿದಳು.